ಗಾಡಿಯ ಹೊಟ್ಟೆ ತೊಳೆದ ದಿನ

ಮನುಷ್ಯ ತನ್ನ ಬೆನ್ನನ್ನು ತಾನೇ ಸರಿಯಾಗಿ ತೊಳೆದುಕೊಳ್ಳಲಾರ. ಕಾರಿನ ಹೊಟ್ಟೆಯ ಪಾಡೂ ಅಷ್ಟೇ. ಕಣ್ಣಿಗೆ ಕಾಣುವ ಬಾನೆಟ್ಟು, ಬಾಗಿಲು, ಗಾಜುಗಳಿಗೆ ಅಭ್ಯಂಜನ ಮಾಡಿಸಿ, ಕೆಳಗಿನ ಕೆಸರನ್ನು ದೇವರ ಮೇಲೆ ಭಾರ ಹಾಕಿ ಬಿಟ್ಟುಬಿಡುವ ಸಂಪ್ರದಾಯಕ್ಕೆ ನಾನೂ ನಿಷ್ಠನಾಗಿದ್ದೆ. ಮುದ್ದೇಬಿಹಾಳದ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾಗಿ, ಅಲ್ಲಿಯೇ ಕೊಂಡ ಹಳೆಯ ಕಾರಿನೊಂದಿಗೆ ಸಿಂದಗಿ ತಾಲೂಕಿನ ನಮ್ಮೂರಿಗೆ ಮರಳಿದವನು ನಾನು. ಚಳಿಗಾಲದಲ್ಲಿ ಸ್ವಂತ ಸ್ನಾನವನ್ನೇ ಮುಂದೂಡಲು ಶಾಸ್ತ್ರಾಧಾರ ಹುಡುಕುವವನಿಂದ ವಾಹನದ ಶುಚಿತ್ವವನ್ನು ನೀವೂ ನಿರೀಕ್ಷಿಸಲಾರಿರಿ.

ಆದರೆ ಮೊನ್ನೆ ತೊಳೆಯಲೇಬೇಕಾಯಿತು. ಅದಕ್ಕೆ ಕೆಲವು ದಿನ ಮೊದಲು, ಮಳೆಗೆ ಹಳ್ಳ ತುಂಬಿ ಡಾಂಬರು ರಸ್ತೆ ಬಂದಾಗಿದ್ದಾಗ, ಪಕ್ಕದ ಮನೆಯ ನೀಲವ್ವನ ಮಗಳು ಕಸ್ತೂರಿಗೆ ದಿನ ತುಂಬುವ ಮೊದಲೇ ಮನೆಯಲ್ಲಿ ಹೆರಿಗೆಯಾಯಿತು. ಕೂಸು ಅತ್ತಿತು, ತಾಯಿಯ ರಕ್ತ ಮಾತ್ರ ನಿಲ್ಲಲಿಲ್ಲ. ಆಂಬುಲೆನ್ಸ್ ಹಳ್ಳದ ಆಚೆ ನಿಂತಿತ್ತು. ಕೂಸನ್ನು ಓಣಿಯ ಹೆಂಗಸರ ಕೈಗಿಟ್ಟು, ಕಸ್ತೂರಿಯನ್ನು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ನೀಲವ್ವನ ತೊಡೆಯ ಮೇಲೆ ಮಲಗಿಸಿಕೊಂಡು, ಹೊಲದ ಸುತ್ತುದಾರಿಯಲ್ಲಿ ಕಪ್ಪು ಎರೆಮಣ್ಣು ಸೀಳುತ್ತ ಮೆಲ್ಲಗೆ ಹೊರಟೆವು. ಡಾಂಬರು ಸಿಗುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು. ಅದೇ ಸೀಟಿನಲ್ಲಿ ಅವಳನ್ನು ಮರಳಿ ತಂದೆವು.

ನಮ್ಮಲ್ಲಿ ಮಣ್ಣು ಕೊಟ್ಟು ಬಂದವರು ಮೈ ತೊಳೆಯದೆ ಮನೆಯೊಳಗೆ ಕಾಲಿಡುವುದಿಲ್ಲ. ಹೆಣ ಹೊತ್ತ ಗಾಡಿಗೂ ಸ್ನಾನವಾಗಬೇಕು. ನಾನು ಸೀಟು, ಬಾಗಿಲು ತೊಳೆದು ಸುಮ್ಮನಾಗಿದ್ದೆ. ಕೂಸಿನ ತೂಕ ಇಳಿಯುತ್ತಿದೆ, ಇವತ್ತೇ ಸಿಂದಗಿಗೆ ಒಯ್ದು ಡಾಕ್ಟರರಿಗೆ ತೋರಿಸಿ ಎಂದು ನರ್ಸಬಾಯಿ ಹೇಳಿಹೋದ ಬೆಳಿಗ್ಗೆ ನೀಲವ್ವನ ಮನೆಯ ಹಿರಿಯರು ತಕರಾರು ತೆಗೆದರು: ತಾಯಿಯ ಜೀವ ಹೋದ ಗಾಡಿಯಲ್ಲಿ ಕೂಸು ಕೂರಬಾರದು; ಕೂರಲೇಬೇಕಾದರೆ ಎಂಜಿನ್ನು, ಹೊಟ್ಟೆ ಸಮೇತ ತೊಳೆಯಬೇಕು, ಆ ದಾರಿಯ ಮಣ್ಣು ಒಂದು ಹೆಂಟೆಯೂ ಉಳಿಯಬಾರದು. ಹಳ್ಳ ಇಳಿದು ರಸ್ತೆ ತೆರೆದಿತ್ತು, ಆದರೆ ಆಂಬುಲೆನ್ಸ್ ಬೇರೆ ಕಡೆ ಹೋಗಿತ್ತು; ಬಸ್ಸಿನ ನೂಕುನುಗ್ಗಲನ್ನು ಆ ಅಂಗೈಯಗಲದ ಜೀವ ತಾಳುವಂತಿರಲಿಲ್ಲ. ವಾದಿಸುವುದಕ್ಕಿಂತ ತೊಳೆಯುವುದೇ ಬೇಗ ಎನಿಸಿ ಪಂಚೆ ಮೇಲೆ ಕಟ್ಟಿದೆ.

ಎಂಜಿನ್ನಿಗೆ ನೀರು ಹಾಕುವುದು ಪಾತ್ರೆ ತೊಳೆದಂತಲ್ಲ. ಬಿಸಿಯಿದ್ದಾಗ ತಣ್ಣೀರು ಸೋಕಿದರೆ ಬಿರುಕು ಬಿಟ್ಟೀತು. ವೈರುಗಳೊಳಗೆ ನೀರು ಹೊಕ್ಕರೆ ಗಾಡಿ ಮೌನವ್ರತ ಹಿಡಿದೀತು. ಪುಣ್ಯಕ್ಕೆ ಅದು ತಣ್ಣಗಿತ್ತು. ಬ್ಯಾಟರಿಯ ವೈರು ಬಿಚ್ಚಿ, ಡೈನಮೊ, ಫ್ಯೂಸಿನ ಡಬ್ಬಿ, ಗಾಳಿ ಎಳೆಯುವ ಬಾಯಿಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಸೋಪಿನ ನೀರಿನಲ್ಲಿ ಬ್ರಷ್ ಅದ್ದಿ ಉಜ್ಜಿ, ತಂಬಿಗೆಯಿಂದ ತೆಳ್ಳಗೆ ನೀರು ಬಿಟ್ಟೆ. ಜಾಕನ್ನು ನಂಬಿ ಗಾಡಿಯ ಅಡಿಗೆ ನುಗ್ಗುವ ಭಂಡಧೈರ್ಯ ನನಗಿಲ್ಲ. ಅಂಗಳದ ಕಲ್ಲಿನ ಏರಿನ ಮೇಲೆ ಅದು ಮೊದಲೇ ಅಡಿ ಕಾಣುವಂತೆ ನಿಂತಿತ್ತು. ಗಾಲಿಗಳಿಗೆ ಕಲ್ಲು ಕೊಟ್ಟು, ಹೊರಗೇ ಕುಕ್ಕರಗಾಲಲ್ಲಿ ಕೂತು, ನೀರೆತ್ತುವ ಮೋಟಾರಿನ ಪೈಪು ಹಿಡಿದು ಕೆಳಗೆಲ್ಲ ನೀರು ಹೊಡೆದೆ.

ಒಣಗಿದ ಎರೆಮಣ್ಣು ಸಿಮೆಂಟಿಗಿಂತ ಹಠಮಾರಿ. ಬಹಳ ಹೊತ್ತಿನ ಮೇಲೆ ಹೆಂಟೆಹೆಂಟೆಯಾಗಿ ಬಿದ್ದು, ಕಪ್ಪು ನೀರಾಗಿ ಅಂಗಳ ದಾಟಿ ಹರಿಯಿತು. ಕಟ್ಟೆಯ ಮೇಲೆ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತ ನೀಲವ್ವ ಅದನ್ನೇ ನೋಡುತ್ತಿದ್ದಳು. ನನಗೆ ದುಃಖ ಉಮ್ಮಳಿಸಿ ಬಂತು. ಕೈ ಮಾತ್ರ ನಿಲ್ಲಿಸಲಿಲ್ಲ. ಹಿರಿಯರು ಬಗ್ಗಿ ನೋಡಿ, ಒಪ್ಪಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟರು. ಆದರೂ ಕೂಡಲೇ ಹೊರಡುವಂತಿರಲಿಲ್ಲ. ಎಂಜಿನ್ನು ಒಣಗದೆ ಹೊರಟರೆ ನಡುದಾರಿಯಲ್ಲಿ ನಿಂತೀತೆಂಬ ಭಯದಿಂದ, ಒಣಬಟ್ಟೆಯಲ್ಲಿ ಒರೆಸಿ, ಬಾನೆಟ್ಟನ್ನು ಬಿಸಿಲಿಗೆ ತೆರೆದಿಟ್ಟು ಕಾದೆ. ಅಷ್ಟರಲ್ಲಿ ಕೂಸಿನ ಅಳು ಸಣ್ಣಗಾಗುತ್ತ ಬಂದು, ನಿಂತೇಹೋಯಿತು. ಉಸಿರೊಂದು ಆಡುತ್ತಿತ್ತು.

ಬ್ಯಾಟರಿಯ ವೈರು ಜೋಡಿಸಿದೆ. ನೀಲವ್ವ ಯಾರ ಮುಖವನ್ನೂ ನೋಡದೆ ಬಂದು, ಹಿಂದಿನ ಸೀಟಿನಲ್ಲಿ ಆವತ್ತು ಕೂತ ಜಾಗದಲ್ಲೇ ಕೂತಳು. ಗಾಡಿಗೆ ಅಂಟಿದ ಕಳಂಕ ತೊಲಗಿತೆಂದು ನಾನು ಒಳಗೊಳಗೇ ನೆಮ್ಮದಿಪಟ್ಟೆ.

“ಸರ, ಅವತ್ತ ಆಕಿಗಿ ತ್ರಾಸ ಆಗಬಾರದಂತ ನಿಧಾನ ಹೊಡದ್ರಿ,” ಎಂದಳು. “ಇವತ್ತ ನಿಧಾನ ಬ್ಯಾಡ್ರಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಕೀಲಿ ತಿರುವಿದೆ; ಎಂಜಿನ್ನು ಒಂದೇ ಸಲಕ್ಕೆ ಶುರುವಾಯಿತು. ಸಿಂದಗಿಯ ದಾರಿಯುದ್ದಕ್ಕೂ ತಗ್ಗು ಬಂದಾಗಲೆಲ್ಲ ಗಾಡಿಯ ಹೊಟ್ಟೆ ನೆಲಕ್ಕೆ ಬಡಿಯುತ್ತಿತ್ತು. ಬಡಿದಾಗೊಮ್ಮೆ ಕೂಸು ಬೆಚ್ಚಿ ಅಳುತ್ತಿತ್ತು. ಅಳುವಷ್ಟು ಜೀವ ಇದೆಯಲ್ಲ ಎಂದು ನಾನು ಇನ್ನಷ್ಟು ಜೋರಾಗಿ ಹೊಡೆದೆ.