ಮುತ್ತಲ ಎಲೆಯ ತೂತು

ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ಓದುವುದೆಂದರೆ ಕೂಗುವುದು ಎಂದೇ ತಿಳಿದಿದ್ದೆ. ಆಳಂದದ ಹತ್ತಿರದ ನಮ್ಮೂರಿನಲ್ಲಿ, ಮಠದ ಪಡಸಾಲೆಯೇ ನಮ್ಮ ಕನ್ನಡ ಶಾಲೆ. ಮಾಸ್ತರರು ಒಂದು ಸಾಲು ಹೇಳಿದರೆ ನಾವೆಲ್ಲ ಹಿಂದೆ ಮುಂದೆ ತೂಗುತ್ತಾ ಅದನ್ನೇ ಕೂಗುತ್ತಿದ್ದೆವು. ಪುಸ್ತಕ ತಲೆಕೆಳಗಾಗಿದ್ದರೂ ನನಗೇನೂ ತೊಂದರೆ ಆಗುತ್ತಿರಲಿಲ್ಲ.

ಅದು ನಿಜಾಮರ ಆಳ್ವಿಕೆಯ ಕೊನೆಯ ಮಳೆಗಾಲ. ಸುತ್ತಲಿನ ಊರುಗಳಲ್ಲಿ ಲೂಟಿ, ಬೆಂಕಿ ಎಂಬ ಸುದ್ದಿ ದಿನವೂ ಬರುತ್ತಿತ್ತು. ಒಂದು ಮುಂಜಾನೆ ಅಪ್ಪ ಬಂಡಿಗೆ ಜೋಳದ ಚೀಲ ಹೇರತೊಡಗಿದ. ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಬೇಕಿತ್ತು. ಮಾಸ್ತರರೂ ಅಂದೇ ಅಫಜಲಪುರದ ಕಡೆಯ ತಮ್ಮೂರಿಗೆ ಹೊರಟಿದ್ದರು.

ಆದರೂ ಅವರು ಶಾಲೆ ನಡೆಸಿದರು. ಬಂದವರು ಮೂರು ನಾಲ್ಕು ಮಕ್ಕಳು. ಊಟದ ಪತ್ರಾವಳಿ ಹಚ್ಚುವ ಮುತ್ತಲ ಎಲೆಯೊಂದರ ನಡುವೆ ಮಾಸ್ತರರು ತೂತು ಮಾಡಿ, ನನ್ನ ಪುಸ್ತಕದ ಮೇಲಿಟ್ಟರು. ತೂತಿನೊಳಗೆ ಒಂದೇ ಒಂದು ಶಬ್ದ ಕಾಣಿಸುತ್ತಿತ್ತು.

"ಇದೇನದ, ಓದು."

ನಾನು ಪಾಠದ ಮೊದಲ ಸಾಲಿನಿಂದ ಕೂಗಲು ಶುರು ಮಾಡಿದೆ.

"ಅದು ಬಾಯಿಪಾಠ. ನೀ ಕಣ್ಣಿಲೆ ಓದಪ್ಪ. ನಾಳಿಗಿ ನಾ ಇರಂಗಿಲ್ಲ."

ಮೊದಲ ಅಕ್ಷರವನ್ನಾದರೂ ಹೇಳಿಯಾರು ಎಂದು ಅವರ ಬಾಯಿಯನ್ನೇ ನೋಡಿದೆ. ಅವರು ತುಟಿ ಬಿಚ್ಚಲಿಲ್ಲ. ಸಿಟ್ಟಾಗಿದ್ದಾರೆ ಎಂದುಕೊಂಡು ಅತ್ತುಬಿಟ್ಟೆ. ಅಷ್ಟರಲ್ಲಿ ಅಕ್ಕ ಓಡಿ ಬಂದಳು.

"ಅಪ್ಪ ಬಂಡಿ ಹೂಡ್ಯಾನ್ರಿ ಮಾಸ್ತರ. ಇವನ್ನ ಕಳಸ್ರಿ."

ಮಾಸ್ತರರು ಎಲೆಯನ್ನು ಅದೇ ಪುಟದಲ್ಲಿಟ್ಟು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.

ಗಡಿಯಾಚೆಯ ಗುಡಾರದಲ್ಲಿ ಜಿಟಿಜಿಟಿ ಮಳೆ, ಒದ್ದೆ ಗೋಣಿಯ ವಾಸನೆ, ಹಸಿದ ಕೂಸುಗಳ ಅಳು. ಅಲ್ಲಿ ಶಾಲೆ ಇರಲಿಲ್ಲ. ಭಯವಾದಾಗಲೆಲ್ಲ ಆ ತೂತಿನಲ್ಲಿ ಕಣ್ಣು ನೆಟ್ಟು ಕೂರುತ್ತಿದ್ದೆ. ಎಲೆ ಒಣಗಿ ಅಂಚು ಮುರಿಯತೊಡಗಿತ್ತು. ಒಂದು ಮಧ್ಯಾಹ್ನ, ಬಿಡಿಬಿಡಿಯಾಗಿ ಗುರುತಿದ್ದ ಅಕ್ಷರಗಳು ತಾವಾಗಿ ಕೂಡಿಕೊಂಡವು. ಕುಂ-ಬ-ಳ-ಕಾ-ಯಿ. ಒಪ್ಪಿಸೋಣವೆಂದು ತಿರುಗಿದರೆ ಮಾಸ್ತರರು ಎಲ್ಲಿದ್ದಾರೆ? ಅಕ್ಷರ ಬಾರದ ಅಕ್ಕ ನನ್ನ ಮುಖ ನೋಡಿದಳು.

"ಖರೇನ ಕುಂಬಳಕಾಯೇನಲೇ? ಯಾರಿಗಿ ಕೇಳಮು?"

ಯಾರನ್ನೂ ಕೇಳಲಿಲ್ಲ. ಬೆರಳಿಟ್ಟು ಮತ್ತೊಮ್ಮೆ ಓದಿದೆ. ಕುಂಬಳಕಾಯಿಯೇ ಆಗಿತ್ತು.

ಗಲಾಟೆ ತಣ್ಣಗಾದ ಮೇಲೆ ನಾವು ಊರಿಗೆ ಮರಳಿದೆವು. ಮಾಸ್ತರರು ಮರಳಲಿಲ್ಲ. ಅವರೇನಾದರೋ ಇಂದಿಗೂ ಗೊತ್ತಿಲ್ಲ. ಆ ಒಂದು ಶಬ್ದವನ್ನು ಅವರಿಗೆ ಓದಿ ತೋರಿಸಲಾಗಲಿಲ್ಲ ಎಂಬ ಸಂಕಟ ನನಗೆ ಈಗಲೂ ಇದೆ.

ನಿಮಗೆ ತಿಳಿಯದ ಶಬ್ದವನ್ನು ಈಗ ಫೋನೇ ಓದಿ ಹೇಳುತ್ತದೆ, ಟ್ಯೂಷನ್ ಟೀಚರೂ ಹೇಳಿಕೊಡುತ್ತಾರೆ. ಅಜ್ಜನಾದ ನನ್ನ ಹತ್ತಿರ ಬಂದು "ಮುತ್ಯಾ, ಇದೇನದ?" ಎಂದು ಕೇಳಿದಾಗ ಮಾತ್ರ ನಾನು ಸುಮ್ಮನಿರುತ್ತೇನೆ. "ಮುತ್ಯಾಗ ಸಿಟ್ಟ ಬಂದದ" ಎಂದು ನೀವು ಪುಸ್ತಕ ಕಸಿದುಕೊಂಡು ಓಡುತ್ತೀರಿ. ಸಿಟ್ಟಲ್ಲ ಮಕ್ಕಳೇ. ಸ್ವಲ್ಪ ಹೊತ್ತು ಕೂತು ನೋಡಿ. ನಮ್ಮ ಬಾಗಿಲಲ್ಲಿ ಯಾವ ಬಂಡಿಯೂ ಹೂಡಿ ನಿಂತಿಲ್ಲ. ನೀವು ಓದುವವರೆಗೆ ನಾನು ಇಲ್ಲೇ ಇರುತ್ತೇನೆ.