ಬೇರು ಅಗೆಯುವ ಮಾಸ್ತರ

ಗಜೇಂದ್ರಗಡದ ನಿವೃತ್ತ ವಿಜ್ಞಾನ ಮಾಸ್ತರ ವೇದವ್ಯಾಸರಾಯರು ಯಾವ ಇಂಗ್ಲಿಷ್ ಶಬ್ದವನ್ನೂ ಬೇರು ಅಗೆಯದೆ ಬಿಡುವವರಲ್ಲ. ‘ಪಂಕ್ಚರ್’ ಎಲ್ಲಿಂದ ಬಂತೆಂದು ವಿವರಿಸುತ್ತ ನಿಂತು ಬಸ್ಸುಗಳನ್ನೇ ತಪ್ಪಿಸಿಕೊಂಡವರು. ಈಗ ಕಣ್ಣಿನ ಪೊರೆ ತೆಗೆಸಲು ದವಾಖಾನೆಗೆ ಬಂದು, ಸರದಿ ಬಂದಾಗಲೆಲ್ಲ ‘ಕ್ಯಾಟರಾಕ್ಟ್’ ಅಗೆಯುತ್ತಾರೆ: “ಲ್ಯಾಟಿನ್‌ದಾಗ ಇದು ಮ್ಯಾಲಿಂದ ಇಳಿಬಿಡೋ ಕೋಟೆ ಬಾಗಲಾ. ಅದೇ ಹೆಸರು ಪೊರಿಗೂ ಬಂತು, ನೋಡ್ರಿ!” “ನನ್ನ ಬಾಗಲಾ ಲಗೂ ತಗಸ್ಬೇಕಾಗೇತ್ರಿ, ಮಾಸ್ತರ,” ಎಂದ, ಹಿಂದಿನ ಸರದಿಯ ಜಕ್ಕಲಿಯ ಮುತ್ತಣ್ಣನಿಗೆ, “ಹಂಗಾದ್ರ ನೀ ಮುಂದ ಹೋಗಪಾ,” ಎಂದರು. “ನೀವು ಹೋಗೂದು ಯಾವಾಗ್ರಿ?” ಹೆಂಡತಿ ಅನಸೂಯಾಬಾಯಿ ಕೇಳಿದರು. “ತಡಿ, ಇನ್ನೂ ಗ್ರೀಕ್ ಉಳದದ!” ರಾಯರು ನಿಘಂಟು ತೆರೆದು, ಸಾಲಿನ ಮೇಲೆ ಬೆರಳಾಡಿಸುತ್ತ ಗಟ್ಟಿಯಾಗಿ ಓದತೊಡಗಿದರು. ಪುಸ್ತಕ ತಲೆಕೆಳಗಾಗಿತ್ತು. ಅನಸೂಯಾಬಾಯಿ ಅದನ್ನು ಮೆಲ್ಲಗೆ ಮುಚ್ಚಿ, ಅವರ ಕೈ ಹಿಡಿದುಕೊಂಡು, “ಏಳ್ರಿ, ನಾನೂ ಒಳಗ ಬರ್ತೀನಿ,” ಎಂದರು.