ಮನಿ ಮಗಳು ಅನ್ನಿಸಿಕೊಂಡ ಟೈಪಿಸ್ಟ್

ಕೆಲಸ ಹುಡುಕುವುದು ಹೇಗೆ ಅಂತ ಮೊಬೈಲಿನಲ್ಲಿ ಉಪದೇಶ ಮಾಡುವವರನ್ನು ಒಮ್ಮೆ ಅಣ್ಣಿಗೇರಿ ಬಸ್ ಸ್ಟ್ಯಾಂಡಿನಲ್ಲಿ ತಂದು ನಿಲ್ಲಿಸಬೇಕು ಅಂತ ನನಗೆ ಬಹಳ ಸಲ ಅನಿಸಿದೆ. ಕೋಟು ಹಾಕಿಕೊಂಡು ನಗುತ್ತಾ ಹೇಳುತ್ತಾರೆ: ಆತ್ಮವಿಶ್ವಾಸದಿಂದ ಮಾತಾಡಿ, ಕಣ್ಣಿಗೆ ಕಣ್ಣು ಕೊಟ್ಟು ನೋಡಿ, ಈಗ ಕೆಲಸ ಮಾಡುತ್ತಿರುವ ಕಡೆಯ ಹಿರಿಯರ ಹೆಸರನ್ನು ಹೆಮ್ಮೆಯಿಂದ ಹೇಳಿ. ನಾನು ಎಲ್ಲವನ್ನೂ ಮಾಡಿದೆ. ಹೆಸರನ್ನಂತೂ ಎಷ್ಟು ಹೆಮ್ಮೆಯಿಂದ ಹೇಳಿದೆನೆಂದರೆ, ಅದೇ ನನ್ನ ಕುತ್ತಿಗೆಗೆ ಬಂತು.

ನಾನು ನವಲಗುಂದದ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಟೈಪಿಸ್ಟ್ ಅನ್ನುವುದು ಹೆಸರಿಗೆ. ದಾವೆ, ಅಫಿಡವಿಟ್, ನೋಟೀಸು ಎಲ್ಲ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಟೈಪು ಹೊಡೆಯುವುದು ನಾನೇ. ಯಾವ ಕೇಸಿಗೆ ಮುಂದಿನ ತಾರೀಖು ಯಾವಾಗ ಅಂತ ನೆನಪಿಡುವುದು, ಕಾಗದ ಸ್ಕ್ಯಾನ್ ಮಾಡಿ ಕೋರ್ಟಿನ ಕಂಪ್ಯೂಟರಿಗೆ ಏರಿಸುವುದು, ಹೊಲದ ಪಹಣಿ ಉತಾರ ತರದೇ ಬರಿಗೈಯಲ್ಲಿ ಬಂದ ಕಕ್ಷಿದಾರನನ್ನು ಸಮಾಧಾನ ಮಾಡಿ ವಾಪಸ್ ಕಳಿಸುವುದು, ಸಾಹೇಬರ ಕನ್ನಡಕ ಎಲ್ಲಿದೆ ಅಂತ ಹುಡುಕುವುದು, ಎಲ್ಲವೂ ನನ್ನ ಪಾಲಿಗೆ. ದೊಡ್ಡ ಊರುಗಳಲ್ಲಿ ಈ ಕೆಲಸಕ್ಕೆ ಲೀಗಲ್ ಸೆಕ್ರೆಟರಿ ಅನ್ನುತ್ತಾರಂತೆ. ನಮ್ಮ ಕಡೆ ಅದಕ್ಕೆ 'ವಕೀಲರ ಕಡೆ ಇರೋ ಹುಡುಗಿ' ಅಂತಷ್ಟೇ ಹೆಸರು.

ಆ ಕೆಲಸಕ್ಕೆ ನಾನೇನೂ ಅರ್ಜಿ ಹಾಕಿ ಸೇರಿದವಳಲ್ಲ. ಅಪ್ಪನದು ಅಣ್ಣಿಗೇರಿಯಲ್ಲಿ ಹತ್ತಿ ಹಿಂಜಿ ಗಾದಿ ತುಂಬುವ ಅಂಗಡಿ. ಅಂಗಡಿಯ ಜಾಗದ ತಕರಾರಿಗೆ ಈ ಸಾಹೇಬರೇ ವಕೀಲರು. ನಾನು ಬಿ.ಕಾಂ. ಮುಗಿಸಿ, ಟೈಪಿಂಗ್ ಸೀನಿಯರ್ ಪಾಸಾಗಿ ಮನೆಯಲ್ಲಿ ಕುಳಿತಿದ್ದಾಗ ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿದ. ಸಾಹೇಬರು ಕನ್ನಡಕದ ಮೇಲಿನಿಂದ ನೋಡಿ, "ನಿಮ್ಮ ಮಗಳು ಅಂದ್ರ ನಮ್ಮ ಮನಿ ಮಗಳಿದ್ದಂಗರಿ. ನಾಳಿಂದ ಬರ್ಲಿ" ಅಂದರು. ಮುಗಿಯಿತು. ಅಪ್ಪನ ಕಣ್ಣಲ್ಲಿ ನೀರು. ಎಷ್ಟಕ್ಕೆ ಬರಬೇಕು, ಎಷ್ಟಕ್ಕೆ ಹೋಗಬೇಕು, ರಜೆ ಯಾವಾಗ, ಪಗಾರ ಎಷ್ಟು ಅಂತ ಕೇಳಿದ್ದರೆ ಆ ದೊಡ್ಡ ಮಾತಿಗೆ ಅವಮಾನ ಮಾಡಿದಂತಾಗುತ್ತಿತ್ತು. ಮುಸಲ್ಮಾನರ ಹುಡುಗಿಯನ್ನು ಮನೆ ಮಗಳು ಅಂದಿದ್ದಾರೆ, ಇನ್ನೇನು ಬೇಕು ಅಂತ ಅಪ್ಪ ದಾರಿಯುದ್ದಕ್ಕೂ ಹೇಳಿದ. ನಾನೂ ಹೂಂ ಅಂದೆ.

ಆ ಮಾತು ಸುಳ್ಳಾಗಲಿಲ್ಲ. ಅದೇ ನನ್ನ ಸಂಕಟ. ಆಫೀಸು ಅವರ ಮನೆಯ ಮುಂದಿನ ಕೋಣೆ. ಸಾಹೇಬರ ಹೆಂಡತಿಯನ್ನು ನಾನು ಅಕ್ಕಾರು ಅನ್ನುತ್ತಿದ್ದೆ. ಹೋಳಿಗೆ ಮಾಡಿದ ದಿನ ನನ್ನ ಪಾಲು ತೆಗೆದಿಡದೆ ಅವರು ಉಂಡವರಲ್ಲ. ನಮ್ಮ ಈದ್ ದಿನ ಸಾಹೇಬರು ತಾವೇ ಫೋನು ಮಾಡಿ ಹಬ್ಬದ ಶುಭಾಶಯ ಹೇಳುತ್ತಿದ್ದರು; ಹೇಳಿ, ಅದೇ ಉಸಿರಿನಲ್ಲಿ "ಮಧ್ಯಾಹ್ನದ ಮ್ಯಾಲೆ ಒಂದ್ ತಾಸು ಬಂದು ಹೋಗವ್ವಾ, ಅರ್ಜೆಂಟ್ ತಡೆಯಾಜ್ಞೆ ಐತಿ" ಅನ್ನುತ್ತಿದ್ದರು. ಅವರ ಮಗಳ ಮದುವೆಯಲ್ಲಿ ಬಂದವರಿಗೆ ಪಾನಕ ಹಂಚಿದವಳೂ ನಾನೇ, ಅಲ್ಲೇ ಮೂಲೆಯಲ್ಲಿ ಕುಳಿತು ಸೋಮವಾರದ ಕೇಸಿನ ಕಾಗದ ಹೊಡೆದವಳೂ ನಾನೇ. ಪಗಾರ ಹೆಚ್ಚು ಮಾಡಿರಿ ಅಂತ ಕೇಳಲು ಬಾಯಿ ತೆರೆದರೆ, "ನಿನಗೇನ್ ಕಮ್ಮಿ ಮಾಡೀನಿ ಹೇಳು" ಅನ್ನುವ ಮುಖ. ಮಗಳಿಗೆ ಯಾರಾದರೂ ಪಗಾರ ಹೆಚ್ಚಿಸುತ್ತಾರೆಯೇ!

ವರ್ಷಗಳು ಹೋದವು. ಹುಬ್ಬಳ್ಳಿಯಲ್ಲಿ ಒಂದು ನೌಕರಿ ಬೇಕು ಅಂತ ನಾನು ಹಟ ಹಿಡಿದೆ. ಹೊತ್ತಿಗೆ ಸರಿಯಾಗಿ ಹೋಗಿ, ಹೊತ್ತಿಗೆ ಸರಿಯಾಗಿ ಬಿಟ್ಟು, ಭಾನುವಾರ ಮನೆಯಲ್ಲಿ ಮಲಗುವ ನೌಕರಿ. ಅಣ್ಣಿಗೇರಿಯಿಂದ ರೈಲಿಗೆ ಹೋಗಿ ಬರಬಹುದು. ಇದಕ್ಕಿಂತ ದೊಡ್ಡ ಆಸೆ ನನಗಿರಲಿಲ್ಲ.

ಮೊದಲು ಕುಂದಗೋಳದ ಒಬ್ಬ ವಕೀಲರಿಗೆ ಟೈಪಿಸ್ಟ್ ಬೇಕಾಗಿದ್ದಾರೆ ಅಂತ ಸುದ್ದಿ ಬಂತು. ಹುಬ್ಬಳ್ಳಿಗೆ ಹತ್ತಿರವಾದರೂ ಆಯಿತು ಅಂತ ಹೋದೆ. ಅವರು ಹೇಳಿದ್ದನ್ನು ಹೇಳಿದಂತೆ ಹೊಡೆದುಕೊಟ್ಟೆ. "ಭಾಳ ಚಲೋ ಕೈ ಐತಿ" ಅಂದರು. ಎಲ್ಲಿದ್ದೀಯ ಅಂತ ಕೇಳಿದರು. ನಾನು ಎದೆ ಉಬ್ಬಿಸಿ ಸಾಹೇಬರ ಹೆಸರು ಹೇಳಿದೆ. "ಹೌದೇನು! ಆತು, ಫೋನ್ ಮಾಡ್ತೀವಿ" ಅಂದರು. ಮಾಡಲಿಲ್ಲ. ನಾನೇ ಮಾಡಿದೆ, ಎತ್ತಲಿಲ್ಲ. ನನ್ನ ಇಂಗ್ಲಿಷ್ ಕಚ್ಚಾ ಇರಬೇಕು ಅಂತ ರಾತ್ರಿ ಕುಳಿತು ವ್ಯಾಕರಣ ಓದಿದೆ. ನನ್ನ ಹೆಸರು ಕೇಳಿ ಹಿಂದೆ ಸರಿದರೇನೋ ಅಂತ ಅಮ್ಮ ಅಂದಳು. ಆ ಮಾತು ಇಂಗ್ಲಿಷಿಗಿಂತ ಹೆಚ್ಚು ಚುಚ್ಚಿತು. ಆದರೆ ಕಾರಣ ಅವೆರಡೂ ಆಗಿರಲಿಲ್ಲ.

ಆಮೇಲೆ ಹುಬ್ಬಳ್ಳಿಯ ಒಬ್ಬ ವಕೀಲೆಯ ಆಫೀಸಿನಲ್ಲಿ ಜಾಗ ಖಾಲಿ ಇದೆ ಅಂತ ತಿಳಿಯಿತು. ಥೇಟ್ ನನಗೆ ಬೇಕಾದಂಥ ಕೆಲಸ. ಹೋದೆ, ಹೊಡೆದೆ, ಹೊಗಳಿಸಿಕೊಂಡೆ, ಸಾಹೇಬರ ಹೆಸರು ಹೇಳಿದೆ. ಮತ್ತೆ ಸದ್ದಿಲ್ಲ. ಈ ಸಲ ನಾನು ಬಿಡಲಿಲ್ಲ. ಒಂದು ಶನಿವಾರ ಸುಳ್ಳು ಹೇಳಿ ಅರ್ಧ ದಿನ ಬಿಡಿಸಿಕೊಂಡು ಹುಬ್ಬಳ್ಳಿಗೆ ಹೋಗಿ ಅವರ ಬಾಗಿಲಲ್ಲೇ ನಿಂತೆ.

"ಮೇಡಂ, ನನ್ನ ಕೆಲಸದಾಗ ಏನ್ ತಪ್ಪಿತ್ತು ಅಷ್ಟ ಹೇಳ್ರಿ. ನೌಕರಿ ಕೊಡಬ್ಯಾಡ್ರಿ, ತಪ್ಪರ ಹೇಳ್ರಿ."

ಮೇಡಂ ಒಳ್ಳೆಯವರು. ಕುರ್ಚಿ ತೋರಿಸಿದರು. "ತಪ್ಪೇನ್ ಇಲ್ಲವ್ವಾ. ನಾ ನಿಮ್ಮ ಸಾಹೇಬ್ರಿಗೆ ಫೋನ್ ಮಾಡಿದ್ದೆ. ನಿಮ್ಮ ಹುಡುಗೀನ ಕರಕೊಳ್ಳಲೇನ್ರಿ ಅಂತ ಕೇಳಿದೆ."

"ಕೇಳಬೇಕೇನ್ರಿ?"

"ಮತ್ತ? ಒಬ್ಬ ವಕೀಲರ ಕಡೆ ಇದ್ದವರನ್ನ ಇನ್ನೊಬ್ಬರು ಕೇಳದ ಕರಕೊಂಡು ಬಂದ್ರ, ನಾಳೆ ಕೋರ್ಟಿನ್ಯಾಗ ಎದುರಾ ಬದುರಾ ಹೆಂಗ ನಿಲ್ಲೂದು? ಎಲ್ಲಾರೂ ಕೇಳೇ ಕೇಳ್ತೀವಿ. ಅವರು ನಿನ್ನ ಎಷ್ಟ್ ಹೊಗಳಿದ್ರು ಗೊತ್ತೇನು! 'ಆಕಿ ನಮ್ಮ ಮನಿ ಮಗಳರಿ, ಆಕಿ ಇಲ್ಲಂದ್ರ ನನ್ನ ಆಫೀಸ ನಡಿಯಾಂಗಿಲ್ಲ' ಅಂದ್ರು. ಇಷ್ಟಂದ ಮ್ಯಾಲೆ ನಾ ಹೆಂಗ ಕಸಗೊಳ್ಳಲಿ?"

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವುದನ್ನು ಕೇಳಿದ್ದೆ. ಇಲ್ಲಿ ಪೂಜಾರಿ ನನಗೆ ಹೊಗಳಿಕೆಯ ಮಂಗಳಾರತಿಯನ್ನೇ ಎತ್ತಿ ಬಾಗಿಲು ಹಾಕಿಕೊಂಡಿದ್ದ. ಮತ್ತೆ ಅಷ್ಟು ದಿನ ನನ್ನೆದುರೇ ಕುಳಿತಿದ್ದರಲ್ಲ, ಆ ಮಹಾನುಭಾವರು! ಫೋನು ಬಂದದ್ದನ್ನು ಒಂದು ಮಾತು ಹೇಳಿರಲಿಲ್ಲ. ಚಹಾ ತರಿಸಿ ಕೊಟ್ಟಿದ್ದರು. ರೈಲಿಳಿದು ಮನೆಗೆ ಬಂದವಳೇ ಎಲ್ಲವನ್ನೂ ಅಮ್ಮನ ಮುಂದೆ ಹೇಳಿದೆ.

ಅಮ್ಮ ಮನೆಯಲ್ಲಿ ಉರ್ದು ಮಾತಾಡುವವಳು, ರೇಗಿದಾಗ ಮಾತ್ರ ಕನ್ನಡಕ್ಕೆ ಬರುತ್ತಾಳೆ. ಅವತ್ತು ಕನ್ನಡದಲ್ಲೇ ಶುರು ಮಾಡಿದಳು. "ಅವರೂ ಕೇಳಾಂಗಿಲ್ಲ, ನೀನೂ ಹೇಳಾಂಗಿಲ್ಲ. ಬಾಯಿದ್ದವರು ಬರಗಾಲದಾಗೂ ಬದುಕ್ತಾರ. ನಿನ್ನ ಬಾಯಿಗೇನ್ ಬಂದೈತಿ? ಬ್ಯಾರೆಯವರ ಜಗಳೆಲ್ಲಾ ಟೈಪ್ ಮಾಡ್ತೀ, ನಿಂದೊಂದ ಆಡಾಕ ಬರಾಂಗಿಲ್ಲೇನು?"

ಸೋಮವಾರ ಬೆಳಿಗ್ಗೆ ಕಕ್ಷಿದಾರರು ಬರುವ ಮೊದಲೇ ಹೋದೆ. ಕಂಪ್ಯೂಟರ್ ಹಚ್ಚಲಿಲ್ಲ. ಸಾಹೇಬರ ಎದುರು ನಿಂತೆ. ಅಕ್ಕಾರು ಚಹಾ ತಂದವರು ನನ್ನ ಮುಖ ನೋಡಿ ಅಲ್ಲೇ ನಿಂತರು.

"ಸಾಹೇಬ್ರ, ಹುಬ್ಬಳ್ಳಿ ಮೇಡಂ ಫೋನ್ ಮಾಡಿದ್ದರಂತಲ್ರಿ."

ಅವರು ಕನ್ನಡಕ ತೆಗೆದು ಒರೆಸತೊಡಗಿದರು. "ಹೌದು. ನಾ ಏನರ ಕೆಟ್ಟದ್ದು ಹೇಳೀನೇನು? ಹೊಗಳೀನಿ."

"ಹೊಗಳಿ ಹೊಗಳೇ ನನ್ನ ಹಾಳ ಮಾಡಿದ್ರಿ! ಒಂದೆರಡು ಬೈದಿದ್ರ ಇಷ್ಟೊತ್ತಿಗೆ ನನಗ ನೌಕರಿ ಸಿಗತಿತ್ತು."

"ಏ ಹುಚ್ಚಿ, ಇಲ್ಲಿ ನಿನಗೇನ್ ಕಮ್ಮಿ? ನೀ ನಮ್ಮ ಮನಿ ಮಗಳು..."

ಆ ಮಾತು ಬಂದದ್ದೇ ತಡ, ವರ್ಷಗಟ್ಟಲೆ ನುಂಗಿದ್ದೆಲ್ಲ ಗಂಟಲಿಗೆ ಬಂತು. "ಮಗಳು ಮಗಳು ಅಂತೀರಿ. ನಿಮ್ಮ ಖರೇ ಮಗಳನ್ನ ಮನ್ಯಾಗ ಇಟಗೊಂಡೀರೇನ್ರಿ? ಕೇಳಾಕ ಬಂದವರಿಗೆಲ್ಲಾ 'ಆಕಿ ಇಲ್ಲಂದ್ರ ನಮ್ಮ ಮನಿ ನಡಿಯಾಂಗಿಲ್ಲ' ಅಂತ ಹೇಳಿ ಕಳಿಸಿದ್ರೇನು? ಉಡಿ ತುಂಬಿ ಗಂಡನ ಮನಿಗೆ ಕಳಿಸಿದ್ರಿ. ನಾನ ಪಾನಕ ಹಂಚೀನಿ ಅವತ್ತ. ನಾನೂ ಮಗಳಾದ್ರ ನನ್ನೂ ಕಳಸ್ರಿ. ಅಲ್ಲಂದ್ರ, ಮಗಳಲ್ಲ ಅಂತ ಒಮ್ಮೆ ಬಾಯಿಬಿಟ್ಟು ಹೇಳ್ರಿ."

ಸಾಹೇಬರು ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು. ಅಕ್ಕಾರು ಚಹಾದ ಕಪ್ಪು ಟೇಬಲ್ಲಿನ ಮೇಲಿಟ್ಟು ಒಳಗೆ ಹೋದರು. ಅವರಿಗೂ ಸಿಟ್ಟು ಬಂತು, ಮುಗಿಯಿತು ನನ್ನ ಋಣ ಅಂದುಕೊಂಡೆ. ನನಗೆ ಅಳು ಬಂದಿತ್ತು, ಆದರೆ ಅವರೆದುರು ಅಳಬಾರದು ಅಂತ ಹಲ್ಲು ಕಚ್ಚಿ ನಿಂತಿದ್ದೆ.

ಅಕ್ಕಾರು ತಿರುಗಿ ಬಂದಾಗ ಕೈಯಲ್ಲಿ ಕಾಳು ಕೇರುವ ಮೊರ ಇತ್ತು. ಅದರಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಒಂದು ಕುಪ್ಪಸದ ಬಟ್ಟೆಯ ಕಣ. ಕುಂಕುಮದ ಭರಣಿಯನ್ನೂ ಅಭ್ಯಾಸಬಲದಿಂದ ತಂದಿದ್ದರು. ನನ್ನನ್ನು ನೋಡಿ ಅದನ್ನು ಟೇಬಲ್ಲಿನ ಬಾಜೂಕ್ಕೆ ಸರಿಸಿ, ದೇವರ ಮನೆಯಿಂದ ಮಲ್ಲಿಗೆಯ ತುಂಡು ತಂದು ನನ್ನ ಜಡೆಗೆ ಸಿಕ್ಕಿಸಿದರು.

"ಆಕಿ ಹೇಳೂದ್ರಾಗ ತಪ್ಪೇನೈತಿ?" ಅಂತ ಗಂಡನಿಗೆ ಅಂದರು. ನನಗೆ, "ಸೀರಿ ಇಲ್ಲಂದ್ರ ಏನಾತು, ಆ ವೇಲರ ಒಡ್ಡವ್ವಾ."

ಗಂಡನ ಮನೆಗೆ ಹೊರಟ ಮಗಳು ಸೆರಗು ಒಡ್ಡುವಂತೆ ಚೂಡಿದಾರದ ವೇಲನ್ನು ಒಡ್ಡಿ ನಿಂತೆ. ಅಕ್ಕಿ ಬೀಳುವಾಗ ತಡೆಹಿಡಿದ ಅಳು ಬಂದೇ ಬಿಟ್ಟಿತು. ಸಿಟ್ಟು ಮಾತ್ರ ಹೋಗಿರಲಿಲ್ಲ. ಎರಡೂ ಒಟ್ಟಿಗೆ ಇದ್ದವು.

"ಇನ್ನ ಫೋನ್ ಹಚ್ರಿ," ಅಂದರು ಅಕ್ಕಾರು.

ಸಾಹೇಬರು ಹಚ್ಚಿದರು. "ಮೇಡಂ, ಹುಡುಗೀನ ಕಳಸಾಕತ್ತೀನ್ರಿ. ಸೂಕ್ಷ್ಮ ಅದಾಳ, ಚಂದಂಗ ನೋಡಕೋರಿ" ಅಂದವರ ದನಿ ಥೇಟ್ ಮದುವೆ ದಿನದ ದನಿ. ಫೋನಿಟ್ಟು, ಮುಖ ಆಚೆ ತಿರುಗಿಸಿ, "ಇವತ್ತಿನ ಅಫಿಡವಿಟ್ ಒಂದು ಹೊಡದು ಹೋಗವ್ವಾ" ಅಂದರು. ಉಡಿಯನ್ನು ಮೂಲೆಯಲ್ಲಿ ಗಂಟು ಕಟ್ಟಿಟ್ಟು, ಅದನ್ನೂ ಹೊಡೆದುಕೊಟ್ಟೇ ಬಂದೆ.

ಹುಬ್ಬಳ್ಳಿಯ ಆಫೀಸಿನ ಮೊದಲ ದಿನ ಹೊಸ ಕುರ್ಚಿ, ಹೊಸ ಕೀಬೋರ್ಡು. ಮೇಡಂ ತಾವೇ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಸಾಹೇಬ್ರು ಎಲ್ಲಾ ಹೇಳ್ಯಾರ. ಏನೂ ಸಂಕೋಚ ಮಾಡಕೋಬ್ಯಾಡ. ಇನ್ನ ನೀ ನಮ್ಮ ಮನಿ ಮಗಳಿದ್ದಂಗ."

ನಾನು ಎದ್ದು ನಿಂತೆ.

"ಬ್ಯಾಡ್ರಿ ಮೇಡಂ. ನಿಮ್ಮ ಕಾಲಿಗೆ ಬೀಳ್ತೀನಿ, ಮಗಳು ಮಾತ್ರ ಅನಬ್ಯಾಡ್ರಿ. ಮುಂಜಾನೆ ಎಷ್ಟಕ್ಕ ಬರ್ಲಿ, ಸಂಜೀಕ ಎಷ್ಟಕ್ಕ ಹೋಗ್ಲಿ, ಅಷ್ಟ ಹೇಳ್ರಿ."